ಮೂರನೆಯ ತುಂಡು

ಪೆರೆಟ್ ಗಿಲ್ಮೊ ಆ ಪುಸ್ತಕವನ್ನು ಕೊಯ್ದು ಮೂರು ತುಂಡು ಮಾಡಿದಳು ಅಂತ ಯಾರೂ ಅವಳನ್ನು ಬೈಯುವ ಹಾಗಿಲ್ಲ. ಪ್ಯಾರಿಸಿನಲ್ಲಿ ಗಂಟೆಯ ಲೆಕ್ಕದಲ್ಲಿ ಪುಸ್ತಕ ಬಾಡಿಗೆಗೆ ಕೊಡುವವರು ಮಾಡುವುದೇ ಹಾಗೆ. ಒಂದು ಪುಸ್ತಕಕ್ಕೆ ಬೀದಿಗೆ ಬೀದಿಯೇ ಮುಗಿಬಿದ್ದಾಗ ಬೆನ್ನಿನ ದಾರ ಕತ್ತರಿಸಿ ತುಂಡು ಮಾಡುತ್ತಾರೆ. ಒಬ್ಬರು ಮೊದಲ ತುಂಡಿನಲ್ಲಿ ಕಣ್ಣೀರಿಡುವಾಗ ಇನ್ನೊಬ್ಬರು ನಡುವಿನ ತುಂಡಿನಲ್ಲಿ ಹಲ್ಲು ಕಡಿಯುತ್ತಿರುತ್ತಾರೆ. ಅವಳನ್ನು ಬೈಯಬೇಕಾದದ್ದು ಬೇರೆ ಕಾರಣಕ್ಕೆ. ಎಲ್ಲಿ ಕೊಯ್ಯುತ್ತಿದ್ದೇನೆ ಅಂತ ಅವಳು ನೋಡಲಿಲ್ಲ, ಕೊಯ್ಯುವ ಮೊದಲು ಓದಲೂ ಇಲ್ಲ. ಅದರ ಫಲವನ್ನು ಅವಳೊಬ್ಬಳೇ ಅಲ್ಲ, ಸಂತ ಸೆವೆರಿನ್ ಚರ್ಚಿನ ಹಿಂದಿನ ನಮ್ಮ ಓಣಿಯವರೆಲ್ಲ ಒಂದು ಇಡೀ ಸುಗ್ಗಿಕಾಲ ಉಣ್ಣಬೇಕಾಯಿತು.

ಪೆರೆಟ್‌ಳ ಗಂಡ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಮಾತು ಕಮ್ಮಿ, ಕೈ ಚುರುಕು. ಅವನು ಎದೆನೋವಿನಿಂದ ಹೋದಾಗ ಅವಳಿಗೆ ಬಿಟ್ಟುಹೋದದ್ದು ಒಂದು ಮರದ ಒತ್ತುಯಂತ್ರ, ಒಂದಿಷ್ಟು ಚೂರಿ, ಅಂಟಿನ ಮಡಕೆ, ಮತ್ತು ಗಿರಾಕಿಗಳು ವಾಪಸ್ ಒಯ್ಯದ ಒಂದು ರಾಶಿ ಪುಸ್ತಕ. ಅವಳು ಒತ್ತುಯಂತ್ರ ಮಾರಿದಳು, ಚೂರಿ ಇಟ್ಟುಕೊಂಡಳು, ಚರ್ಚಿನ ಗೋಡೆಗೆ ಆನಿಸಿದ ಗೂಡಂಗಡಿಯಲ್ಲಿ ಪುಸ್ತಕ ಜೋಡಿಸಿ ಕೂತಳು. ಆಗ ಅವಳಿಗೆ ಮೂವತ್ತು ದಾಟಿರಲಿಲ್ಲ. ಓದು ಗಂಡ ಕಲಿಸಿದ್ದು. ಬೆರಳಿಟ್ಟುಕೊಂಡು, ತುಟಿ ಆಡಿಸುತ್ತ, ಆದರೆ ತಪ್ಪಿಲ್ಲದೆ ಓದುತ್ತಿದ್ದಳು.

ಬಾಡಿಗೆಗೆ ಒಯ್ಯುವವರು ಏನಾದರೂ ಒತ್ತೆ ಇಡಬೇಕು. ಬಟ್ಟೆ ಒಗೆಯುವ ಮ್ಯಾತ್ಯುರಿನ್ ತನ್ನ ಇಸ್ತ್ರಿಪೆಟ್ಟಿಗೆ ಇಡುತ್ತಿದ್ದಳು, ಹಾಗಾಗಿ ಅವಳು ಓದುವ ದಿನ ಓಣಿಯ ಅಂಗಿಗಳೆಲ್ಲ ಸುಕ್ಕುಸುಕ್ಕು. ಹಳೆಯ ಸಿಪಾಯಿ ಲಾ ರಾಮೇ ತನ್ನ ಊರುಗೋಲನ್ನೇ ಇಟ್ಟು, ಗೋಡೆ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದ. ಪುಸ್ತಕ ಬಂದಾಗ ಒತ್ತೆ ವಾಪಸ್. ಒತ್ತೆ ಪೆರೆಟ್‌ಳ ಹತ್ತಿರ ಇರುವವರೆಗೆ ಆ ಮನುಷ್ಯ ಅಂಗಡಿಗೆ ಸೇರಿದವನು. ಕೈಗೆ ಕೊಟ್ಟರೆ ಋಣ ಮುಗಿಯಿತು. ಓಣಿಯಲ್ಲಿ ಇಬ್ಬರು ಜಗಳವಾಡಿ ಮಾತು ಬಿಟ್ಟರೂ "ಅವನ ಒತ್ತೆ ಅವನಿಗೆ ಕೊಟ್ಬಿಟ್ಟೆ ಕಣೆ" ಅನ್ನುವಷ್ಟು ಆ ಮಾತು ಎಲ್ಲರ ಬಾಯಲ್ಲಿತ್ತು.

ಒಬ್ಬನ ಒತ್ತೆ ಮಾತ್ರ ಆರೇಳು ವರ್ಷದಿಂದ ಅವಳ ಹತ್ತಿರವೇ ಇತ್ತು. ಅದು ವಿಗ್ಗು ಕಟ್ಟುವ ಅನ್ಸೆಲ್ಮ್ ತೂರೊ ಇಟ್ಟ ಆಮೆಚಿಪ್ಪಿನ ಬಾಚಣಿಗೆ, ಅವನ ತಾಯಿಯದು. ಒಂದು ಪುಸ್ತಕ ಮುಗಿದ ಕೂಡಲೇ ಅವನು ಇನ್ನೊಂದಕ್ಕೆ ಕೈಚಾಚುತ್ತಿದ್ದ, ಹಾಗಾಗಿ ಬಾಚಣಿಗೆ ಡ್ರಾಯರಿನಿಂದ ಕದಲಲೇ ಇಲ್ಲ. ಪುಸ್ತಕವನ್ನು ಮನೆಗೂ ಒಯ್ಯುತ್ತಿರಲಿಲ್ಲ. ಅಂಗಡಿಯ ಪಕ್ಕದಲ್ಲಿ ನಿಂತೇ ಓದುತ್ತಿದ್ದ. ಮಳೆ ಬಂದರೆ ತಲೆಯನ್ನಷ್ಟೇ ಸೂರಿನೊಳಗೆ ತೂರಿಸುತ್ತಿದ್ದ. ಪೆರೆಟ್ ನೀರಿಗೋ ಪ್ರಾರ್ಥನೆಗೋ ಹೋದರೆ ಗಿರಾಕಿಗಳು ಪುಸ್ತಕವನ್ನು ಅವನ ಕೈಗೇ ಕೊಟ್ಟು ಹೋಗುತ್ತಿದ್ದರು. ನೋಡಿದವರು ಇವನೇ ಯಜಮಾನ ಅಂದುಕೊಳ್ಳಬೇಕು.

ಅವನು ಕೆಟ್ಟವನಲ್ಲ. ಕುಡಿತವಿಲ್ಲ, ಜೂಜಿಲ್ಲ, ಗಟ್ಟಿ ದನಿಯಿಲ್ಲ. ಆದರೆ ಕೈಗೆತ್ತಿಕೊಂಡ ಯಾವುದನ್ನೂ ಅವನಿಂದ ಮುಗಿಸಲಾಗುತ್ತಿರಲಿಲ್ಲ. ಇನ್ನೊಂದು ಸುರುಳಿ, ಇನ್ನೊಂದು ಎಳೆ ಅಂತ ಮೀನಮೇಷ ಎಣಿಸುತ್ತ ಕೂರುವ ಅವನ ಕೈಯಿಂದ ಗಿರಾಕಿಗಳು ವಿಗ್ಗನ್ನು ಕಿತ್ತುಕೊಂಡೇ ಹೋಗಬೇಕಿತ್ತು. ಸೂಪು ಕುಡಿದರೂ ತಳದಲ್ಲಿ ಒಂದು ಚಮಚ ಉಳಿಸುತ್ತಿದ್ದ. ಇಂಥವನು ಪೆರೆಟ್‌ಳನ್ನು ಮದುವೆಯಾಗುತ್ತಾನೆ ಅಂತ ಓಣಿ ತೀರ್ಮಾನಿಸಿ ವರ್ಷಗಳೇ ಆಗಿದ್ದವು. ಪೆರೆಟ್ ಕೂಡ ಒಳಗೊಳಗೇ ತೀರ್ಮಾನಿಸಿದ್ದಳು. ತೀರ್ಮಾನ ಮಾಡದವನು ಅವನೊಬ್ಬನೇ.

ಅವನು ಗಂಟಲು ಸರಿಮಾಡಿಕೊಂಡಾಗಲೆಲ್ಲ ಅವಳ ಕೈ ಕೆಲಸ ನಿಲ್ಲಿಸುತ್ತಿತ್ತು. ಆಮೇಲೆ ಬರುತ್ತಿದ್ದ ಮಾತು, "ಇವತ್ತು ಗಾಳಿ ಸ್ವಲ್ಪ ಜಾಸ್ತಿ, ಅಲ್ವಾ ಮದಾಮ್?"

"ಹೌದು ಮಸ್ಯೊ ತೂರೊ, ಜಾಸ್ತಿ," ಅನ್ನುತ್ತ ಅವಳು ಪಕ್ಕದ ಪುಸ್ತಕವನ್ನು ಸುಮ್ಮನೆ ಪಟಪಟ ಬಡಿದು ಧೂಳು ಕೊಡವುತ್ತಿದ್ದಳು. ಆ ಅಂಗಡಿಯ ಪುಸ್ತಕಗಳಲ್ಲಿ ಧೂಳು ಇರದಿದ್ದುದಕ್ಕೆ ಅವನೇ ಕಾರಣ.

ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅವಳು ಆ ಬಾಚಣಿಗೆಯನ್ನು ತೆಗೆದು ತನ್ನ ಮುಡಿಗೆ ಸಿಕ್ಕಿಸಿಕೊಂಡು, ಕಿಟಕಿಯ ಗಾಜಿನಲ್ಲಿ ನೋಡಿಕೊಂಡು, ಮತ್ತೆ ಡ್ರಾಯರಿಗೆ ಹಾಕುತ್ತಿದ್ದಳು. ಇದನ್ನು ಮ್ಯಾತ್ಯುರಿನ್ ಒಮ್ಮೆ ಕಂಡಳು. ಮ್ಯಾತ್ಯುರಿನ್ ಕಂಡದ್ದು ಓಣಿ ಕಂಡ ಹಾಗೇ.

ಬೇಸಿಗೆ ಮುಗಿಯುವ ಹೊತ್ತಿಗೆ ಆ ಪುಸ್ತಕ ಬಂತು. ಅದಕ್ಕೊಂದು ಉದ್ದನೆಯ ಹೆಸರಿತ್ತು. ನಾವೆಲ್ಲ ಸೈತಾನ್ ಹುಡುಗಿಯ ಕತೆ ಅನ್ನುತ್ತಿದ್ದೆವು. ಬೇಸರ ಹಿಡಿದ ಒಬ್ಬ ಸಿಪಾಯಿ ಗೆಳೆಯರ ಜೊತೆ ಪಂತ ಕಟ್ಟಿ, ಪಾಳುಬಿದ್ದ ಗಾಳಿಗಿರಣಿಯಲ್ಲಿ ನಿಂತು ಸೈತಾನನನ್ನು ಕೂಗುತ್ತಾನೆ. ಬರುವುದು ಕೊಂಬಿನ ಭೂತವಲ್ಲ, ಮೊಣಕೈವರೆಗೂ ಹಿಟ್ಟು ಮೆತ್ತಿದ ಗಿರಣಿಯ ಹುಡುಗಿ. ಬಂದವಳು ಅವನನ್ನು ಬಿಟ್ಟು ಹೋಗುವುದೇ ಇಲ್ಲ. ಅವನ ಅಂಗಿ ಹೊಲಿಯುತ್ತಾಳೆ, ಕುದುರೆಗೆ ಮೇವು ಹಾಕುತ್ತಾಳೆ, ಅವನು ಗದರಿದರೆ ಅಳುತ್ತಾಳೆ. ಅವಳು ಕೇಳುವುದು ಒಂದೇ: ನಾನು ಬೇಕು ಅಂತ ನಿನ್ನ ಬಾಯಿಂದ ಒಂದು ಸಲ ಹೇಳು. ಹೇಳಿದರೆ ಆತ್ಮ ಹೋಗುತ್ತದೋ ಪ್ರೀತಿ ಸಿಗುತ್ತದೋ ಸಿಪಾಯಿಗೆ ಗೊತ್ತಿಲ್ಲ. ಅವಳದು ನಾಟಕವೋ ನಿಜವೋ ಓದುವವರಿಗೂ ಗೊತ್ತಿಲ್ಲ.

ಇದಕ್ಕೆ ಜನ ಹುಚ್ಚೆದ್ದರು. ಮುದ್ರಣದವರ ಹತ್ತಿರ ಪ್ರತಿಗಳು ಖಾಲಿ, ಮತ್ತೆ ಅಚ್ಚಾಗುವುದು ಚಳಿಗಾಲ ಕಳೆದ ಮೇಲೆ ಅಂದರು. ಪೆರೆಟ್‌ಳಿಗೆ ಸಿಕ್ಕಿದ್ದು ಒಂದೇ ಪ್ರತಿ. ಅಂಗಡಿಯ ಮುಂದೆ ನೂಕುನುಗ್ಗಲು. ಅವಳು ಚೂರಿ ತೆಗೆದು ಬೆನ್ನು ಕೊಯ್ದಳು. ಅಚ್ಚಿನ ಮನೆಯಿಂದ ಅಂಚು ಕತ್ತರಿಸದೆ ಬಂದಿದ್ದ ಮಡಿಕೆ ಹಾಳೆಗಳನ್ನು ಮೊದಲ ಎರಡು ತುಂಡಿನಲ್ಲಿ ತಾನೇ ಚೂರಿಯಿಂದ ಬಿಡಿಸಿದಳು. ಮೂರನೆಯದನ್ನು ಬಿಡಿಸಲು ಪುರುಸೊತ್ತಾಗಲಿಲ್ಲ. ಅದನ್ನು ಕಸಿದುಕೊಂಡವಳು ನೋಟರಿಯ ಮನೆಗೆಲಸದ ಜಾಕೊತ್. ಅವಳಿಗೆ ಕೊನೆಯನ್ನು ಮೊದಲು ಓದುವ ಚಾಳಿ.

"ಹಾಳೆ ನೀನೇ ಬಿಡಿಸ್ಕೊ ಕಣೆ, ಹರೀಬೇಡ," ಅಂತ ಕೂಗಿ ಹೇಳಿ ಪೆರೆಟ್ ಅವಳು ಹೊಲಿಯುವಾಗ ಬೆರಳಿಗೆ ಹಾಕುವ ಬೆಳ್ಳಿಯ ಅಂಗುಸ್ತಾನವನ್ನು ಒತ್ತೆ ಹಾಕಿಕೊಂಡಳು.

ಆ ದಿನವೇ ಸಂಜೆ ಅನ್ಸೆಲ್ಮ್ ಮೊದಲ ತುಂಡನ್ನು ಮುಗಿಸಿ ವಾಪಸ್ ಕೊಟ್ಟ.

"ಮದಾಮ್ ಗಿಲ್ಮೊ," ಅಂದ. ಗಂಟಲು ಸರಿಮಾಡಿಕೊಂಡ. "ಈ ಪುಸ್ತಕ ಒಂದು ಮುಗೀಲಿ. ಮುಗಿದ ಮೇಲೆ ನಿಮಗೊಂದು ಮಾತು ಹೇಳ್ಬೇಕು."

"ಈಗಲೇ ಹೇಳಬಹುದಲ್ಲ?"

"ಇಲ್ಲ, ಇಲ್ಲ. ಕತೆ ಏನಾಗತ್ತೆ ಅಂತ ನೋಡ್ಕೊಂಡು ಹೇಳ್ತೀನಿ. ಮುಗಿದ ಮೇಲೆ."

ಅಷ್ಟು ವರ್ಷದಲ್ಲಿ ಅವನು ಕೊಟ್ಟ ಮೊದಲ ವಾಯಿದೆ ಅದು. ಪೆರೆಟ್ ಅಂದು ಹಣ್ಣು ಮಾರುವವಳಿಗೆ ಎರಡು ಸಲ ದುಡ್ಡು ಕೊಟ್ಟಳು.

ಅವನು ಎರಡನೆಯ ತುಂಡನ್ನೂ ಮುಗಿಸಿದ. ಎಲ್ಲರೂ ಮುಗಿಸಿದರು. ಆಗ ಗೊತ್ತಾಯಿತು ಚೂರಿ ಎಲ್ಲಿ ಹರಿದಿದೆ ಅಂತ. ಹೊಳೆದಂಡೆಯ ಹೋಟೆಲಿನಲ್ಲಿ ಹುಡುಗಿ ಜ್ವರದಿಂದ ಬೇಯುತ್ತಿದ್ದಾಳೆ. ಸಿಪಾಯಿಯ ಕೈಹಿಡಿದು, ಈಗಲಾದರೂ ಹೇಳು ಅನ್ನುತ್ತಾಳೆ. "ಅವನು ಅವಳ ಕಡೆ ಬಾಗಿ, ಬಾಯಿ ತೆರೆದು..." ಅಲ್ಲಿಗೆ ಪುಟ ಮುಗಿಯಿತು, ತುಂಡೂ ಮುಗಿಯಿತು.

ಮೂರನೆಯ ತುಂಡು ಮಾತ್ರ ಪತ್ತೆಯಿಲ್ಲ. ಜಾಕೊತ್‌ಳನ್ನು ಕೇಳೋಣವೆಂದರೆ ನೋಟರಿಯ ಸಂಸಾರ ದ್ರಾಕ್ಷಿ ಕೊಯ್ಲಿಗೆ ಅಂತ ಬರ್ಗಂಡಿಯ ಹಳ್ಳಿಗೆ ಹೊರಟುಹೋಗಿತ್ತು, ಅವಳೂ ಜೊತೆಗೆ. ನವೆಂಬರಿನ ಸಂತ ಮಾರ್ಟಿನನ ಹಬ್ಬ ಕಳೆಯದೆ ಬರುವುದಿಲ್ಲ ಅಂದರು. ತುಂಡನ್ನು ಒಯ್ದಿದ್ದಾಳೋ, ಇಲ್ಲಿ ಯಾರಿಗಾದರೂ ದಾಟಿಸಿದ್ದಾಳೋ ಹೇಳುವವರಿಲ್ಲ. ಪುಸ್ತಕ ಹೀಗೆ ಕೈಯಿಂದ ಕೈಗೆ ದಾಟುವುದು ನಮ್ಮಲ್ಲಿ ಮಾಮೂಲು.

ಜನ ಪೆರೆಟ್‌ಳ ಪ್ರಾಣ ತಿನ್ನತೊಡಗಿದರು. ಬೆಳಿಗ್ಗೆ ಹಾಲುಕಾಫಿ ಮಾರುವವಳು ತಗಡಿನ ಪಾತ್ರೆ ಕೆಳಗಿಟ್ಟು, "ಸಿಕ್ತಾ?" ಅನ್ನುತ್ತಿದ್ದಳು. ನೀರಿನವನು ಬಿಂದಿಗೆ ಹೊತ್ತುಕೊಂಡೇ "ಸಿಕ್ತಾ?" ಮ್ಯಾತ್ಯುರಿನ್ ಅಂತೂ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟಳು.

"ಅಕ್ಕಾ, ನಂಗೆ ನಿದ್ದೆಯಿಲ್ಲ. ಅವನು ಬಾಯಿ ತೆರೆದು ಎಷ್ಟು ದಿನ ಆಯ್ತು! ದವಡೆ ಹಿಡ್ಕೊಂಡಿರತ್ತೆ."

"ನನ್ನನ್ನೇನು ಕೇಳ್ತೀಯೆ? ನಾನು ಓದಿದ್ದೀನಾ?"

"ಪುಸ್ತಕದಂಗಡಿ ಇಟ್ಕೊಂಡು ಓದಿಲ್ಲ ಅಂತೀಯಲ್ಲ! ನಾನು ಒಗೆಯೋಳು, ನನ್ನ ಮೈಮೇಲಿನ ಬಟ್ಟೆ ನೋಡು, ಕೊಳೆಯಾಗಿದೆಯಾ?"

"ಆಗಿದೆ," ಅಂದಳು ಪೆರೆಟ್. ಅಲ್ಲಿಂದ ಆ ಮಾತು ಬೇರೆ ಕಡೆ ಹೋಯಿತು.

ಅನ್ಸೆಲ್ಮ್ ಮಾತ್ರ ಬೈಯಲಿಲ್ಲ. "ಹುಡುಕೋಣ, ಮದಾಮ್" ಅಂದ. ಒಂದು ಭಾನುವಾರ ಅವಳ ಜೊತೆ ನದಿಯ ದಂಡೆಯುದ್ದಕ್ಕೂ ನಡೆದು, ದಂಡೆಗೆ ಕಟ್ಟಿ ನಿಲ್ಲಿಸಿ ಬಟ್ಟೆ ಒಗೆಯುವ ದೋಣಿಗಳಲ್ಲಿ ಕೇಳಿದ, ಸೇತುವೆಯ ಮೇಲಿನ ಹಳೆ ಪುಸ್ತಕದವರನ್ನು ಕೇಳಿದ. ಬಿಸಿಲು ಹಿತವಾಗಿತ್ತು. ಅವನು ಅವಳಿಗೆ ಜೇನುರೊಟ್ಟಿ ಕೊಡಿಸಿದ, ಕೆಸರು ದಾಟುವಾಗ ಮೊಣಕೈ ಹಿಡಿದುಕೊಂಡ. ತುಂಡು ಸಿಗಲಿಲ್ಲ, ಆದರೆ ಪೆರೆಟ್ ಹಾಡು ಗುನುಗುತ್ತ ಮನೆಗೆ ಬಂದಳು. ಗಂಡ ಸತ್ತ ಮೇಲೆ ಅವಳಿಗೆ ಅಷ್ಟು ಸಂತೋಷವಾದ ದಿನ ಇನ್ನೊಂದಿರಲಿಲ್ಲ.

ಆಮೇಲೆ ದಿನಗಳು ಜಡಿಮಳೆಯಲ್ಲಿ ಕಳೆದವು. ಕಾಟ ತಡೆಯಲಾಗದೆ ಪೆರೆಟ್ ಒಂದು ಎಡವಟ್ಟು ಮಾಡಿದಳು. ಕೊನೆಯನ್ನು ತಾನೇ ಕಟ್ಟಿ ಹೇಳತೊಡಗಿದಳು. ಮ್ಯಾತ್ಯುರಿನ್‌ಗೆ, ಇಬ್ಬರಿಗೂ ಮದುವೆಯಾಯಿತು, ಹುಡುಗಿ ಮನುಷ್ಯಳಾದಳು ಅಂದಳು. ಲಾ ರಾಮೇ ತಾತನಿಗೆ, ಸಿಪಾಯಿ ತಪ್ಪಿಸಿಕೊಂಡು ದಂಡಿಗೆ ಸೇರಿಕೊಂಡ ಅಂದಳು. ಬೇಕರಿಯವನ ಹೆಂಡತಿ ಭಕ್ತೆ. ಅವಳಿಗೆ, ಹುಡುಗಿಯ ತಲೆಯಲ್ಲಿ ಕೊಂಬು ಮೂಡಿ ನೆಲ ಬಿರಿದು ನುಂಗಿತು ಅಂದಳು. ಮೂವರೂ ತೃಪ್ತರಾಗಿ ಹೋದರು. ಮರುದಿನ ನೀರು ಹಿಡಿಯುವ ಕಾರಂಜಿಯ ಹತ್ತಿರ ಮೂವರೂ ಒಟ್ಟಿಗೆ ಸಿಕ್ಕರು.

"ಮೂರು ಮಂದಿಗೆ ಮೂರು ಕತೆ! ನಾವೇನು ಹಸುಗೂಸುಗಳಾ?" ಅಂತ ಲಾ ರಾಮೇ ಊರುಗೋಲನ್ನು ಅಂಗಡಿಯ ಹಲಗೆಗೆ ಕುಟ್ಟಿದ.

"ತಾತ, ನಿಮಗೆ ಬೇಕಾದ್ದನ್ನೇ ಹೇಳಿದ್ದೀನಲ್ಲ."

"ನಂಗೆ ಬೇಕಾದ್ದು ನಂಗೇ ಗೊತ್ತು, ಅದಕ್ಕೆ ನೀನ್ಯಾಕೆ? ಪುಸ್ತಕದಲ್ಲಿ ಏನಿದೆ ಹೇಳು!"

ಅನ್ಸೆಲ್ಮ್ ಪಕ್ಕದಲ್ಲೇ ನಿಂತು ಯಾವುದೋ ಪ್ರವಾಸದ ಪುಸ್ತಕ ಓದುತ್ತಿದ್ದ. ಉಳಿದವರು ಹೋದ ಮೇಲೆ ಪೆರೆಟ್ ಅವನ ಕಡೆ ತಿರುಗಿದಳು. ಸಿಟ್ಟಿನಲ್ಲಿ ಅವಳಿಗೆ ಧೈರ್ಯ ಬಂದಿತ್ತು.

"ಮಸ್ಯೊ ತೂರೊ, ನಿಮಗೂ ನಾನೇ ಹೇಳಿಬಿಡ್ತೀನಿ. ಅವನು ಬಾಯಿ ತೆರೆದು..."

ಅವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಪ್ರವಾಸದ ಪುಸ್ತಕ ಕೆಸರಿಗೆ ಬಿತ್ತು. "ಬೇಡಿ ಮದಾಮ್! ನಾನು ಓದಿಯೇ ತಿಳ್ಕೋಬೇಕು."

ಅವಳು ಪುಸ್ತಕ ಎತ್ತಿ ತನ್ನ ಲಂಗದಿಂದ ಒರೆಸಿದಳು. ಅಳು ಬಂದಿತ್ತು, ಅಳಲಿಲ್ಲ. ಅಚ್ಚಾದ ಒಂದು ಹಿಡಿ ಕಾಗದಕ್ಕೋಸ್ಕರ ತನ್ನ ಬಾಳು ನಡುದಾರಿಯಲ್ಲಿ ನಿಂತಿದೆಯಲ್ಲ ಅಂತ ಉರಿದುಕೊಂಡಳು. ಆ ಜಾಕೊತ್ ಕೈಗೆ ಸಿಕ್ಕಿದ್ದರೆ ಅವಳ ಜುಟ್ಟು ಉಳಿಯುತ್ತಿರಲಿಲ್ಲ.

ಸಂತ ಮಾರ್ಟಿನನ ಹಬ್ಬದ ಮರುದಿನ ಬೆಳಿಗ್ಗೆ ಜಾಕೊತ್ ತಾನಾಗಿಯೇ ಬಂದಳು, ಕೆನ್ನೆ ಕೆಂಪಾಗಿ, ಒಂದು ಸುತ್ತು ದಪ್ಪವಾಗಿ. ಪೆರೆಟ್ ಇನ್ನೂ ಅಂಗಡಿಯ ಬಾಗಿಲಿನ ಹಲಗೆ ತೆಗೆಯುತ್ತಿದ್ದಳು. ಮುಡಿಗೆ ಸಿಕ್ಕಿಸಿಕೊಂಡ ಬಾಚಣಿಗೆಯನ್ನು ತೆಗೆಯುವಷ್ಟರಲ್ಲಿ ಇವಳು ಬಂದಳೆಂದು ಗಡಿಬಿಡಿಯಲ್ಲಿ ಬಿಳಿ ಟೊಪ್ಪಿಗೆಯನ್ನು ಅದರ ಮೇಲೆ ಎಳೆದುಕೊಂಡಳು.

"ಮದಾಮ್ ಪೆರೆಟ್, ನನ್ನ ಅಂಗುಸ್ತಾನ ಕೊಡಿ. ಅದಿಲ್ದೆ ಬೆರಳೆಲ್ಲ ತೂತು ಬಿದ್ದಿದೆ."

"ಅಂಗುಸ್ತಾನ ಬೇಕಾ ನಿಂಗೆ! ಮೊದಲು ನನ್ನ ಮೂರನೇ ತುಂಡು ಇಲ್ಲಿಡು!"

ಜಾಕೊತ್ ಕಣ್ಣು ಪಿಳಿಪಿಳಿ ಬಿಟ್ಟಳು. "ಅಯ್ಯೋ, ಅವತ್ತು ಸಂಜೆಯೇ ಕೊಟ್ಟೆನಲ್ಲ! ಒಂದು ಹಾಳೆನೂ ಬಿಡಿಸಿರಲಿಲ್ಲ, ಗಂಟುಮೂಟೆ ಕಟ್ಟು ಅಂದ್ರು ಯಜಮಾನಿ, ಓಡಿ ಬಂದೆ. ನೀವು ನೀರಿಗೆ ಹೋಗಿದ್ರಿ. ಮಸ್ಯೊ ತೂರೊ ನಿಂತಿದ್ರು. ಅವರ ಕೈಗೆ ಕೊಟ್ಟೆ. ಒಳಗಿಡ್ತೀನಿ ಅಂದ್ರು. ಅಂಗುಸ್ತಾನ ಎಲ್ಲಿಟ್ಟಿದ್ದೀರೋ ಅವರಿಗೆ ಗೊತ್ತಿರಲಿಲ್ಲ."

ಪೆರೆಟ್ ಹಲಗೆಯನ್ನು ಕೆಳಗಿಟ್ಟಳು. ಅಂಗುಸ್ತಾನ ಕೊಟ್ಟಳು. ಚೂರಿಯನ್ನು ಮೇಲಂಗಿಯ ಜೇಬಿಗೆ ಹಾಕಿಕೊಂಡು, ಅಂಗಡಿಯನ್ನು ಬಾಯಿಬಿಟ್ಟಂತೆಯೇ ಬಿಟ್ಟು ನಡೆದಳು. ಚೂರಿ ಕಂಡ ಜಾಕೊತ್ ಮ್ಯಾತ್ಯುರಿನ್‌ಳನ್ನು ಕೂಗಿದಳು, ಮ್ಯಾತ್ಯುರಿನ್ ಓಣಿಯನ್ನೇ ಕೂಗಿದಳು.

ಅನ್ಸೆಲ್ಮ್ ತನ್ನ ಅಂಗಡಿಯಲ್ಲಿ ಒಂದು ವಿಗ್ಗನ್ನು ಬೆಳ್ಳಗೆ ಮಾಡಲು ಅದಕ್ಕೆ ಹಿಟ್ಟಿನ ಪುಡಿ ಊದುತ್ತಿದ್ದ. ಗಾಳಿಯೆಲ್ಲ ಬೆಳ್ಳಗೆ. ಅವಳ ಮುಖ ನೋಡಿ ಊದುಕೊಳವೆ ಕೆಳಗಿಟ್ಟ.

"ಎಲ್ಲಿದೆ?" ಅಂದಳು.

ಅವನು ಏನು ಅಂತ ಕೇಳಲಿಲ್ಲ. ಮೂಲೆಯಲ್ಲಿದ್ದ ಪುಡಿಯ ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಕೈಹಾಕಿ, ತುಂಡನ್ನು ಎತ್ತಿ ಕೊಟ್ಟ. ಅದು ರೊಟ್ಟಿಗೆ ತಟ್ಟಿದ ಹಿಟ್ಟಿನ ಹಾಗಿತ್ತು. ಅವಳು ಕೊಡವಿ ಅಂಚನ್ನು ನೋಡಿದಳು. ಮಡಿಕೆ ಹಾಳೆಗಳು ಮಡಿಸಿದಂತೆಯೇ ಇದ್ದವು. ಒಂದನ್ನೂ ಬಿಡಿಸಿರಲಿಲ್ಲ.

"ಓದಿಯೂ ಇಲ್ಲ," ಅಂದಳು ಪೆರೆಟ್. ಓದಿದ್ದರೆ ಅವಳಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

"ಓದಿದ್ರೆ ಹೇಳ್ಬೇಕಾಗ್ತಿತ್ತು, ಮದಾಮ್," ಅಂದ ಅವನು ಮೆಲ್ಲಗೆ. "ಮಾತು ಕೊಟ್ಟಿದ್ನಲ್ಲ."

"ಮತ್ತೆ ಯಾಕೆ ಕೊಟ್ರಿ ಮಾತು?"

"ಆ ಕ್ಷಣಕ್ಕೆ ಹೇಳಬಲ್ಲೆ ಅನ್ನಿಸ್ತು. ಅಷ್ಟರಲ್ಲಿ ಆ ಹುಡುಗಿ ಬಂದು ಇದನ್ನ ಕೈಗಿಟ್ಟಳು. ಇಷ್ಟು ಬೇಗನಾ ಅಂತ ಎದೆ ಧಸಕ್ಕಂತು."

"ಇಷ್ಟು ಬೇಗ! ಆರೇಳು ವರ್ಷ ಆಯ್ತು ಮಸ್ಯೊ ತೂರೊ! ನಾನು ಊರೆಲ್ಲ ಅಲೆದೆ. ಕಂಡಕಂಡವರ ಹತ್ರ ಉಗಿಸ್ಕೊಂಡೆ. ಅವತ್ತು ಭಾನುವಾರ ನದಿ ದಂಡೆಗೆ ಹುಡುಕೋಕೆ ಅಂತ ನನ್ನ ಜೊತೆ ಬಂದ್ರಲ್ಲ, ಆಗ ಇದು ಈ ಡಬ್ಬಿಯೊಳಗೆ ಇತ್ತಾ?"

"ಇತ್ತು," ಅಂದ. "ಅವತ್ತು ತುಂಬಾ ಚೆನ್ನಾಗಿತ್ತು, ಮದಾಮ್."

ಅದು ನಿಜವಾಗಿತ್ತು, ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು. ಅವನನ್ನು ಹಿಡಿದು ಜಾಡಿಸಬೇಕು ಅನ್ನಿಸಿತು, ಅವನ ಹುಬ್ಬಿನ ಮೇಲೆ ಕೂತಿದ್ದ ಹಿಟ್ಟನ್ನು ಒರೆಸಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ ತುಂಡನ್ನು ಎತ್ತಿಕೊಂಡು ಹೊರಗೆ ಬಂದಳು. ಹೊರಗೆ ಓಣಿಯೇ ನಿಂತಿತ್ತು.

"ಸಿಕ್ತು," ಅಂದಳು. "ಬನ್ನಿ. ಎಲ್ಲರೂ ಒಟ್ಟಿಗೇ ಕೇಳಿ ಮುಗಿಸಿಬಿಡಿ. ಮಸ್ಯೊ ತೂರೊ, ನೀವೂ ಬನ್ನಿ."

ಗೂಡಂಗಡಿಯ ಮುಂದೆ, ಹಾಡುಹಗಲಲ್ಲಿ, ಅವಳು ಒಂದು ಸ್ಟೂಲಿನ ಮೇಲೆ ಕೂತು ಚೂರಿಯಿಂದ ಮೊದಲ ಮಡಿಕೆ ಬಿಡಿಸಿದಳು. ಹಿಟ್ಟು ಹಾರಿ ಸೀನು ಬಂತು. ಬೆರಳಿಟ್ಟುಕೊಂಡು ಗಟ್ಟಿಯಾಗಿ ಓದಿದಳು. ಮೊದಲ ಸಾಲೇ ಹೀಗಿತ್ತು: "...ಕುದುರೆಗಳು ಸಿದ್ಧವಾಗಿವೆಯೇ ಎಂದು ಹೋಟೆಲಿನವನನ್ನು ಕೇಳಿದನು."

"ಥೂ!" ಅಂದಳು ಮ್ಯಾತ್ಯುರಿನ್. "ಇದಕ್ಕಾ ನಾನು ಇಷ್ಟು ದಿನ ನಿದ್ದೆಗೆಟ್ಟಿದ್ದು!"

"ಬುದ್ಧಿವಂತ," ಅಂದ ಲಾ ರಾಮೇ.

"ಸುಮ್ನಿರು ತಾತ. ನೀನು ಓದು ಅಕ್ಕಾ."

ಪೆರೆಟ್ ಓದಿದಳು. ಒಂದೊಂದು ಮಡಿಕೆಗೂ ಚೂರಿ ಆಡಿಸುತ್ತ, ಒಂದೊಂದು ಪುಟಕ್ಕೂ ಹಿಟ್ಟು ಊದುತ್ತ ಓದಿದಳು. ಸಿಪಾಯಿ ಹುಡುಗಿಯನ್ನು ಊರೂರು ಸುತ್ತಿಸಿದ. ನಾಳೆ ಹೇಳುತ್ತೇನೆ ಅಂದ, ಮುಂದಿನ ಊರಿನಲ್ಲಿ ಅಂದ, ಪಾದ್ರಿಯನ್ನು ಕೇಳಿ ಹೇಳುತ್ತೇನೆ ಅಂದ. ಕೊನೆಗೆ ದೋಣಿಗಟ್ಟೆಯಲ್ಲಿ ಹುಡುಗಿ ನಿಂತುಬಿಟ್ಟಳು. ನಾನು ಬಂದದ್ದು ನಿನ್ನನ್ನು ಕೆಡಿಸಲು, ಅದು ನನ್ನ ಕೆಲಸ, ಅಂದಳು. ದಾರಿಯಲ್ಲಿ ಕೆಲಸ ಮರೆತೆ. ನೀನು ಒಂದು ಮಾತು ಹೇಳಿದ್ದರೆ ನಾನು ಯಾರು ಅಂತ ನಮ್ಮಿಬ್ಬರಿಗೂ ಗೊತ್ತಾಗುತ್ತಿತ್ತು. ಈಗ ನಿನಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ಇಷ್ಟು ಹೇಳಿ ದೋಣಿ ಹತ್ತಿದಳು. ಅವನ ತೋಳಿನ ಮೇಲೆ ಅವಳ ಕೈಯ ಹಿಟ್ಟಿನ ಗುರುತು ಉಳಿಯಿತು. ಅಲ್ಲಿಗೆ ಕತೆ ಮುಗಿಯಿತು.

ಓಣಿ ಭುಗಿಲ್ಲೆಂದಿತು. ಇದೂ ಒಂದು ಕೊನೆಯಾ, ಅಂತ ಹಾಲುಕಾಫಿಯವಳು ಕೂಗಿದಳು. ಕೊಂಬು ಎಲ್ಲಿ, ಅಂದಳು ಬೇಕರಿಯವಳು. ಪೆರೆಟ್ ಅಕ್ಕ ಹೇಳಿದ ಕೊನೆಯೇ ಎಷ್ಟೋ ವಾಸಿ ಅಂತ ಮ್ಯಾತ್ಯುರಿನ್ ಕಣ್ಣೊರೆಸಿಕೊಂಡಳು.

ಪೆರೆಟ್‌ಳ ಕಿವಿಗೆ ಅದಾವುದೂ ಬೀಳುತ್ತಿರಲಿಲ್ಲ. ಆ ಹುಡುಗಿ ಸೈತಾನನೇ ಆಗಿರಲಿ, ಬಾಯಿಬಿಟ್ಟು ಕೇಳಿದಳಲ್ಲ ಅಂತ ಅವಳು ಯೋಚಿಸುತ್ತಿದ್ದಳು. ತಾನು ಇಷ್ಟು ವರ್ಷ ಧೂಳು ಹೊಡೆದದ್ದೇ ಬಂತು, ಒಂದು ಸಲವಾದರೂ ಕೇಳಲಿಲ್ಲ. ಹೆಂಗಸು ಕೇಳಬಾರದು ಅಂತ ಯಾರು ಹೇಳಿಕೊಟ್ಟಿದ್ದರೋ ಅವರ ಮೇಲೂ ಸಿಟ್ಟು ಬಂತು. ಅವಳು ಸ್ಟೂಲಿನಿಂದ ಎದ್ದಳು. ಅನ್ಸೆಲ್ಮ್ ಗುಂಪಿನ ಹಿಂದೆ, ತೋಳಿನ ತುಂಬ ಹಿಟ್ಟು ಮೆತ್ತಿಕೊಂಡು ನಿಂತಿದ್ದ.

"ಮಸ್ಯೊ ತೂರೊ," ಅಂದಳು, "ಪುಸ್ತಕ ಮುಗೀತು."

ಎಲ್ಲರೂ ತಿರುಗಿ ನೋಡಿದರು. ಅವನು ಗಂಟಲು ಸರಿಮಾಡಿಕೊಂಡ.

"ಹೌದು ಮದಾಮ್. ಚೆನ್ನಾಗಿತ್ತು. ಸ್ವಲ್ಪ... ಬೇಗ ಮುಗಿದ ಹಾಗಾಯ್ತು."

"ನೀವು ಹೇಳಲ್ಲ. ಸರಿ, ನಾನೇ ಕೇಳ್ತೀನಿ. ಇವರೆಲ್ಲರ ಮುಂದೆನೇ ಕೇಳ್ತೀನಿ. ನನ್ನನ್ನ ಮದುವೆ ಆಗ್ತೀರೋ, ಇಲ್ವೋ?"

ನೀರಿನವನು ಬಿಂದಿಗೆಯನ್ನು ಕೆಳಗಿಟ್ಟ. ಅನ್ಸೆಲ್ಮ್‌ನ ಮುಖ ಕೆಂಪಾಯಿತು, ಬೆಳ್ಳಗಾಯಿತು. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಮುಂದಿದ್ದವರೆಲ್ಲ ಕಂಡರು. ಅವನಿಗೆ ಅವಳು ಬೇಕಾಗಿದ್ದಳು, ಅದರಲ್ಲಿ ನಮಗೆ ಯಾರಿಗೂ ಸಂಶಯವಿಲ್ಲ. ಅವನು ಬಾಯಿ ತೆರೆದ.

"ಇದು... ಹೀಗೆ ಇದ್ದಕ್ಕಿದ್ದ ಹಾಗೆ... ಈ ಚಳಿಗಾಲ ಒಂದು ಕಳೀಲಿ, ಮದಾಮ್. ಯೋಚನೆ ಮಾಡಿ ಹೇಳ್ತೀನಿ."

"ಅಯ್ಯೋ ನಿನ್ನ!" ಅಂತ ಮ್ಯಾತ್ಯುರಿನ್ ಹಣೆ ಚಚ್ಚಿಕೊಂಡಳು. ಲಾ ರಾಮೇ ಕೂಡ, ಸಿಪಾಯಿ ತಪ್ಪಿಸಿಕೊಳ್ಳಲಿ ಅಂತ ಅಷ್ಟು ದಿನ ಹಾರೈಸಿದವನು, "ಹೇಳಯ್ಯ ಮಾರಾಯ!" ಅಂತ ಊರುಗೋಲು ಎತ್ತಿದ.

ಪೆರೆಟ್ ಏನೂ ಕೂಗಾಡಲಿಲ್ಲ. ತಲೆಯ ಟೊಪ್ಪಿಗೆ ಕಳಚಿ ಹಲಗೆಯ ಮೇಲಿಟ್ಟಳು. ಮುಡಿಯಿಂದ ಬಾಚಣಿಗೆಯನ್ನು ಎಳೆದಳು. ಕೂದಲು ಬೆನ್ನ ಮೇಲೆ ಬಿತ್ತು. ಅದರಲ್ಲಿ ಬಿಳಿಯ ಎಳೆಗಳೂ ಇದ್ದವು. ಅನ್ಸೆಲ್ಮ್ ಆ ಬಾಚಣಿಗೆ ಎಲ್ಲಿತ್ತು ಅಂತ ಕಂಡ. ಅವನಿಗೆ ಅದು ಗೊತ್ತಿರಲಿಲ್ಲ. ಓಣಿಗೆಲ್ಲ ಗೊತ್ತಿತ್ತು, ಅವನಿಗೊಬ್ಬನಿಗೆ ಯಾರೂ ಹೇಳಿರಲಿಲ್ಲ. ಅವಳು ಗುಂಪನ್ನು ದಾಟಿಹೋಗಿ ಬಾಚಣಿಗೆಯನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ತಗೊಳ್ಳಿ, ನಿಮ್ಮ ಒತ್ತೆ," ಅಂದಳು.

ಆ ದಿನ ಅಂಗಡಿ ಮುಚ್ಚಿತ್ತು. ಒಳಗೆ ಕೂತು ಅವಳು ಮೂರು ತುಂಡುಗಳನ್ನೂ ಜೋಡಿಸಿ, ದಾರ ಹಾಕಿ ಹೊಲಿದು, ಗಂಡನ ಅಂಟಿನ ಮಡಕೆ ಬಿಸಿಮಾಡಿ ಬೆನ್ನು ಕಟ್ಟಿದಳು. ಅಳುತ್ತ ಕಟ್ಟಿದಳು ಅಂತ ಮ್ಯಾತ್ಯುರಿನ್ ಹೇಳುತ್ತಾಳೆ. ಮ್ಯಾತ್ಯುರಿನ್ ಕಿಂಡಿಯಲ್ಲಿ ನೋಡಿರಬೇಕು.

ಮರುದಿನ ಬೆಳಿಗ್ಗೆ ಅನ್ಸೆಲ್ಮ್ ಎಂದಿನಂತೆ ಬಂದ. ಕಣ್ಣು ಊದಿದ್ದವು, ಕೂದಲು ಕೆದರಿತ್ತು. ಅವನ ಹಿಂದೆ ಮ್ಯಾತ್ಯುರಿನ್ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು ನಿಂತಿದ್ದಳು. ಅವನು ಬಾಚಣಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಹಲಗೆಯ ಮೇಲೆ ಚಾಚಿದ.

ಪೆರೆಟ್ ಅದನ್ನು ಮುಟ್ಟಲಿಲ್ಲ. "ಇದನ್ನ ನನಗೆ ಕೊಡೋಕೆ ತಂದ್ರೋ, ಒತ್ತೆ ಇಡೋಕೆ ತಂದ್ರೋ?" ಅಂದಳು. ಅವಳ ದನಿ ಮೆತ್ತಗಿತ್ತು. ನಿನ್ನೆ ಅಷ್ಟೆಲ್ಲ ಆದ ಮೇಲೂ ಅವಳು ಬಾಗಿಲನ್ನು ಇನ್ನೊಂದು ಸಲ ತೆರೆದು ಹಿಡಿದಿದ್ದಳು.

ಅವನು ಬಾಚಣಿಗೆ ನೋಡಿದ. ಅವಳ ಟೊಪ್ಪಿಗೆ ನೋಡಿದ. ಹಿಂದಿನಿಂದ ಮ್ಯಾತ್ಯುರಿನ್ ಇಸ್ತ್ರಿಪೆಟ್ಟಿಗೆಯ ಮೂಲೆಯಿಂದ ಅವನ ಬೆನ್ನಿಗೆ ತಿವಿದಳು.

"ಸದ್ಯಕ್ಕೆ ಒತ್ತೆ ಅಂತಲೇ ಇರಲಿ, ಮದಾಮ್," ಅಂದ. "ಆಮೇಲೆ ನೋಡೋ..."

"ಮ್ಯಾತ್ಯುರಿನ್," ಅಂದಳು ಪೆರೆಟ್, "ನಿಂಗೇನು ಬೇಕು?"

ಮ್ಯಾತ್ಯುರಿನ್ ಅವನನ್ನು ಪಕ್ಕಕ್ಕೆ ಸರಿಸಿ, ಇಸ್ತ್ರಿಪೆಟ್ಟಿಗೆಯನ್ನು ಹಲಗೆಯ ಮೇಲೆ ಕುಕ್ಕಿದಳು. ಸೈತಾನ್ ಹುಡುಗಿಯ ಕತೆ ಬೇಕು ಅಂದಳು, ಮೊದಲಿನಿಂದ, ಇಡಿಯಾಗಿ. ಪೆರೆಟ್ ಅದನ್ನು ಕೊಟ್ಟು, ಇಸ್ತ್ರಿಪೆಟ್ಟಿಗೆಯನ್ನು ಅಷ್ಟು ವರ್ಷ ಬಾಚಣಿಗೆ ಇದ್ದ ಡ್ರಾಯರಿನಲ್ಲಿ ಇಟ್ಟಳು.